ಎರಡನೇ ಸಲ ತಟ್ಟಿದರೆ

ಅಥವಾ ಬಾಗಿಲ ಚಿಲಕವನ್ನು ನಾನು ಹಾಕಿರಲೇ ಇಲ್ಲವೇನೋ. ಸುಮ್ಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆನೇನೋ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನನ್ನ ನೆನಪಿನಲ್ಲಿ ಆ ಚಿಲಕ ಕಬ್ಬಿಣದ್ದು, ತುಕ್ಕು ಹಿಡಿದದ್ದು, ಮುಟ್ಟಿದರೆ ಬಿಸಿ. ಆದರೆ ಹೋದ ವರ್ಷ ಹಾರನಹಳ್ಳಿಯ ಹತ್ತಿರದ ಆ ಹೊಲಕ್ಕೆ ಹೋಗಿ ನೋಡಿದಾಗ ಬ್ಯಾರನ್ನಿನ ಬಾಗಿಲಿಗೆ ಇದ್ದದ್ದು ಮರದ ಅಗುಳಿ. ಬಾಗಿಲು ಬದಲಿಸಿದ್ದೀರಾ ಎಂದು ಕೇಳಿದೆ. ಇಲ್ಲ, ಗೋಡೆ ಕಟ್ಟಿದಾಗಿನಿಂದ ಅದೇ ಬಾಗಿಲು, ಅದೇ ಅಗುಳಿ ಎಂದರು ಹೊಲದ ಮನೆಯವರು. ಹಾಗಾದರೆ ನನ್ನ ಬೆರಳಿಗೆ ಈಗಲೂ ತಾಗುವ ಆ ಬಿಸಿ ಕಬ್ಬಿಣ ಯಾವುದು, ಎಲ್ಲಿಯದು?

ಬ್ಯಾರನ್ ಎಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಮನೆ. ಎತ್ತರದ ಗೋಡೆ, ಒಂದೇ ಬಾಗಿಲು, ಹೊರಗಿನಿಂದ ಉರಿ ಹಾಕುವ ಒಲೆ, ಒಳಗೆ ನೆಲದ ಮೇಲೆ ಹಾಯ್ದುಹೋಗುವ ತಗಡಿನ ಕೊಳವೆಗಳು. ನಾನು ಭಾರ ಎತ್ತುವ ಕೆಲಸದಲ್ಲಿ ಹದಿನೈದು ವರ್ಷ, ಎತ್ತುವುದನ್ನು ಕಲಿಸುವ ಕೆಲಸದಲ್ಲಿ ಅಷ್ಟೇ ವರ್ಷ ಕಳೆದವಳು. ದೇಶದ ಹೆಸರಿದ್ದ ಅಂಗಿ ತೊಟ್ಟು ಹೊರದೇಶಗಳಲ್ಲಿ ಎತ್ತಿದ್ದೇನೆ. ಸನ್ಮಾನದ ಸಭೆಗಳಲ್ಲಿ ಹುಡುಗಿಯರು, ‘ಮೇಡಂ, ಮೊದಲ ಸಲ ನಿಮ್ಮನ್ನು ತಂಡಕ್ಕೆ ಆರಿಸಿದ್ದು ಹೇಗೆ’ ಎಂದು ಕೇಳುತ್ತಿದ್ದರು. ‘ನನ್ನ ಸ್ನೇಹಿತೆಗೆ ಮೈ ಹುಷಾರು ತಪ್ಪಿತು, ನನಗೆ ಅವಕಾಶ ಸಿಕ್ಕಿತು’ ಎನ್ನುತ್ತಿದ್ದೆ. ಅದರಲ್ಲಿ ಸುಳ್ಳು ಎನ್ನುವ ಒಂದು ಪದವೂ ಇಲ್ಲ. ಆದರೂ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಆ ಮಾತು ಸಾಲದು.

ಸ್ನೇಹಿತೆಯ ಹೆಸರು ಭಾಗ್ಯ. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ತರಗತಿ. ಅಲ್ಲಿನ ಡ್ರಿಲ್ ಮೇಷ್ಟ್ರು ಗುರುಮಲ್ಲಪ್ಪನವರು ಯೌವನದಲ್ಲಿ ತಾವೂ ಭಾರ ಎತ್ತಿದವರು. ಅವರ ಅಣ್ಣ ಹೊಗೆಸೊಪ್ಪಿನ ವ್ಯಾಪಾರಿ. ಬೇಲು, ಅಂದರೆ ಒಣಸೊಪ್ಪನ್ನು ಒತ್ತಿ ಕಟ್ಟಿದ ಮೂಟೆ, ಜೋಡಿಸಿಡುವ ಗೋಡೌನಿನ ಒಂದು ಮೂಲೆಯನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದರು. ಹುಣಸೂರಿನ ಸಾಮಿಲ್ಲಿನಲ್ಲಿ ಬೇಡವೆಂದು ಬಿಸಾಕಿದ ಹಲಗೆಗಳನ್ನು ಮೇಷ್ಟ್ರು ಲಾರಿಯೊಂದರಲ್ಲಿ ಹಾಕಿಸಿಕೊಂಡು ಬಂದು, ಅವನ್ನೇ ಜೋಡಿಸಿ ನಮಗೆ ನೆಲ ಮಾಡಿದ್ದರು. ಭಾರದ ಬಿಲ್ಲೆಗಳನ್ನು ಸಿಕ್ಕಿಸುವ ಕಂಬಿ ಒಂದೇ. ಅದೂ ನಡುವೆ ಒಂಚೂರು ಬಾಗಿತ್ತು. ಕೈ ಜಾರದಂತೆ ಹಚ್ಚಿಕೊಳ್ಳುವ ಮೆಗ್ನೀಷಿಯಂ ಪುಡಿಯನ್ನು ನಾವು ಕಂಡೇ ಇರಲಿಲ್ಲ. ಮೇಷ್ಟ್ರು ತಮ್ಮ ಹಣೆಗೆ ಹಚ್ಚುವ ವಿಭೂತಿ ಗಟ್ಟಿಯನ್ನೇ ಮುರಿದು ನಮ್ಮ ಕೈಗೆ ಕೊಟ್ಟರು.

“ಹಣೆಗೂ ಆಯ್ತದೆ, ಅಂಗೈಗೂ ಆಯ್ತದೆ ಕಣವ್ವ. ಶಿವ ಏನೂ ಬೇಜಾರು ಮಾಡ್ಕೊಳಲ್ಲ.”

ಭಾಗ್ಯ ಮುಷ್ಟಿ ಮುಚ್ಚಿ ನೋಡಿಕೊಂಡು, “ಜಾರುದ್ರೆ ಯಾರ್‌ನ ಬೈಬೇಕು ಸಾ? ನಿಮ್ಮುನ್ನೋ ಶಿವುನ್ನೋ?” ಎಂದಿದ್ದಳು.

“ಮೊದ್ಲು ನನ್ನ ಬೈಯಿ. ನಾ ಹತ್ರ ಇದ್ದೀನಿ.”

ಹೀಗೆ ಮಾತಾಡಿದ್ದು ಮೊದಲ ದಿನವೇ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಮೊದಲ ದಿನ ಭಾಗ್ಯ ಬಾಯಿಯೇ ಬಿಟ್ಟಿರಲಿಲ್ಲ ಎಂದು ಮೇಷ್ಟ್ರು ತೀರಿಹೋಗುವ ಮೊದಲು ನನಗೆ ಹೇಳಿದರು. ಯಾರ ನೆನಪು ಸರಿಯೋ.

ಕೆಲಸ ನಿಜಕ್ಕೂ ಹೇಗಿತ್ತು ಎಂದರೆ, ಬಹುಪಾಲು ಚರ್ಮದ ಕೆಲಸ. ಕಂಬಿ ಮೇಲೇರುವಾಗ ಮೊಣಕಾಲಿನ ಕೆಳಗಿನ ಎಲುಬನ್ನು ಕೆರೆದುಕೊಂಡು ಹೋಗುತ್ತದೆ; ಅಲ್ಲಿ ಗಾಯ ಮಾಯುವುದೇ ಇಲ್ಲ. ಅಂಗೈಯಲ್ಲಿ ಗಂಟು ಕಟ್ಟುತ್ತದೆ. ಅದನ್ನು ಬ್ಲೇಡಿನಲ್ಲಿ ಸವರಿ ಸಮ ಮಾಡದಿದ್ದರೆ ಒಂದು ದಿನ ಚರ್ಮವೇ ಕಿತ್ತು ಕಂಬಿಗೆ ಅಂಟಿಕೊಂಡು ಬರುತ್ತದೆ. ಮನೆಯಲ್ಲಿ ಸೊಪ್ಪು ಮುರಿಯುವ ಕಾಲದಲ್ಲಿ ಆ ಗಾಯಗಳಿಗೆ ಸೊಪ್ಪಿನ ಅಂಟು ತಾಗಿದರೆ ಉರಿ ಎಷ್ಟು ಎಂದು ಈಗಿನವರಿಗೆ ಹೇಳಿದರೂ ಗೊತ್ತಾಗದು. ಇಷ್ಟೆಲ್ಲ ಆದ ಮೇಲೆ ವರ್ಷಕ್ಕೆ ಎರಡು ಮೂರು ಸ್ಪರ್ಧೆ, ಒಂದೊಂದರಲ್ಲಿ ಆರು ಎತ್ತು. ಒಂದು ಎತ್ತು ಎಂದರೆ ಕಣ್ಣು ಮಿಟುಕಿಸಿ ತೆರೆಯುವಷ್ಟು ಹೊತ್ತು. ಉಳಿದದ್ದೆಲ್ಲ ಕಾಯುವುದು.

ಭಾಗ್ಯ ನನಗಿಂತ ಚೆನ್ನಾಗಿ ಎತ್ತುತ್ತಿದ್ದಳು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಯಾಕೆಂದರೆ ಬರೆದಿಟ್ಟ ಪುಸ್ತಕ ಮೇಷ್ಟ್ರ ಮನೆಯಲ್ಲಿದೆ. ಅವಳು ಕಂಬಿಯ ಕೆಳಗೆ ಕೂರುವುದು ಬಾವಿಗೆ ಬಿಂದಿಗೆ ಇಳಿದ ಹಾಗೆ ಇರುತ್ತಿತ್ತು. ನಾನು ಎಳೆದಾಡಿ ಎತ್ತುವವಳು. ಇಬ್ಬರದೂ ಒಂದೇ ತೂಕದ ವರ್ಗ, ಐವತ್ತನಾಲ್ಕು ಕೆ.ಜಿ. ಜಿಲ್ಲೆಯಲ್ಲಿ ಅವಳು ಮೊದಲು, ನಾನು ಎರಡನೆಯವಳು. ರಾಜ್ಯದಲ್ಲೂ ಹಾಗೆಯೇ. ಅವಳ ಮೈ ತುಂಬಿಕೊಂಡಿತ್ತು, ನನ್ನದು ಬಡಕಲು. ಎಷ್ಟು ತಿಂದರೂ ನಾನು ಐವತ್ತೆರಡು ದಾಟುತ್ತಿರಲಿಲ್ಲ. ಅದಕ್ಕೇ ಅವಳು ನನ್ನನ್ನು ‘ಕಡ್ಡಿ’ ಎಂದು ಕರೆಯುತ್ತಿದ್ದಳು. ಹಸಿ ಸೊಪ್ಪು ಕಟ್ಟಿ ಬ್ಯಾರನ್ನಿನೊಳಗೆ ಸಾಲಾಗಿ ತೂಗಿಬಿಡುವ ಕಡ್ಡಿ.

“ಕಡ್ಡಿಗೆ ಏನು ಕಣಮ್ಮಿ, ಮೂರ್ ಹೊತ್ತು ಮುದ್ದೆ ನುಂಗುದ್ರೂ ಕಡ್ಡೀನೆ. ನಾ ನೋಡು, ಗಾಳಿ ಕುಡುದ್ರೂ ತೂಕ.”

ಬೇಲು ತೂಗುವ ಯಂತ್ರದ ಮೇಲೆಯೇ ನಾವು ತೂಗಿಕೊಳ್ಳುತ್ತಿದ್ದೆವು. ಗೋಡೌನಿನ ಹಮಾಲಿಯೊಬ್ಬ ಭಾಗ್ಯ ಹತ್ತಿದಾಗೆಲ್ಲ, “ಯಾವ ಗ್ರೇಡು ಸಾ ಇದು?” ಎಂದು ಮೇಷ್ಟ್ರನ್ನು ಕೇಳುವುದು. “ನಿಮ್ಮಪ್ಪುನ್ ಕಾಲದಿಂದ್ಲೂ ನೀವ್ಯಾರೂ ಕಂಡಿರ್ದೇ ಇರೋ ಗ್ರೇಡು, ಮುಳ್ಳು ನೋಡಿ ಓದ್ಲಾ” ಎಂದು ಭಾಗ್ಯ ಹೇಳುವುದು. ಮುಳ್ಳು ಐವತ್ತನಾಲ್ಕಕ್ಕಿಂತ ಮೇಲೆ ನಿಂತರೆ ಅವತ್ತಿನಿಂದ ಅವಳಿಗೆ ಉಪವಾಸ. ಸ್ಪರ್ಧೆಯ ಬೆಳಿಗ್ಗೆ ತೂಕ ನೋಡುವಾಗ ನೂರು ಗ್ರಾಂ ಹೆಚ್ಚಿದ್ದರೂ ಆ ವರ್ಗದಲ್ಲಿ ಎತ್ತಲು ಬಿಡುವುದಿಲ್ಲ. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಡಬ್ಬಿಗೆ ಉಗುಳುತ್ತ ಕೂರುತ್ತಿದ್ದಳು. ಉಗುಳೂ ತೂಕವೇ.

ಬ್ಯಾರನ್ ಅವಳದೇ ಯೋಚನೆ. ದೊಡ್ಡ ಊರಿನ ಕ್ಯಾಂಪುಗಳಲ್ಲಿ ಬಿಸಿ ಆವಿಯ ಕೋಣೆ ಇರುತ್ತದೆ, ಅದರಲ್ಲಿ ಕೂತರೆ ಬೆವರಿ ಅರ್ಧ ಗಂಟೆಗೆ ಅರ್ಧ ಕೆ.ಜಿ. ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. “ನಮ್ಮಪ್ಪ ಕಟ್ಟಿಸವ್ನಲ್ಲ ಹೊಲದಲ್ಲಿ, ಅದೇನು ಮತ್ತೆ?” ಎಂದಳು ಭಾಗ್ಯ. ಸೊಪ್ಪು ಇಳಿಸಿ ಖಾಲಿಯಾದ ಬ್ಯಾರನ್ನಿನ ಒಲೆಗೆ ಎರಡು ಕೊರಡು ಇಟ್ಟರೆ ಕೊಳವೆ ಕಾಯುತ್ತದೆ. ನೆಲಕ್ಕೆ ನೀರು ಚೆಲ್ಲಿದರೆ ಆವಿ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿಗೆ ಕತ್ತಿಗೆ, ಕೈಗೆ ತೂತು ಮಾಡಿ ಅಂಗಿಯ ಹಾಗೆ ತೊಟ್ಟು ಒಳಗೆ ಕೂರುತ್ತಿದ್ದಳು. ನಾನು ಹೊರಗೆ ಉರಿ ನೋಡಿಕೊಳ್ಳುವುದು, ಬಾಗಿಲು ಕಾಯುವುದು. ಮೇಷ್ಟ್ರಿಗೆ ಇದು ಗೊತ್ತಿತ್ತು. ಬೇಡ ಅನ್ನಲಿಲ್ಲ, ಮಾಡಿ ಅಂತಲೂ ಅನ್ನಲಿಲ್ಲ.

ಮೊದಲ ಸಲ ಸ್ವಲ್ಪ ಹೊತ್ತಿಗೇ ಅವಳು ಬಾಗಿಲು ತಟ್ಟಿದಳು. ತೆಗೆದೆ. ಹೊರಗೆ ಬಂದು ಗಾಳಿ ಕುಡಿದು, ಸುಧಾರಿಸಿಕೊಂಡು, ಆಮೇಲೆ ನನ್ನನ್ನೇ ಬೈದಳು. ಗೋಡೌನಿಗೆ ಹೋಗಿ ತೂಗಿದರೆ ಇನ್ನೂ ಇನ್ನೂರು ಗ್ರಾಂ ಉಳಿದಿತ್ತು.

“ಯಾಕಮ್ಮಿ ತೆಗ್ದೆ?”

“ನೀನೇ ತಟ್ಟುದ್ಯಲ್ಲ.”

“ತಟ್ಟುದ್ರೆ ತೆಗ್ದುಬುಡದಾ? ಕೇಳು ಇಲ್ಲಿ. ಮೊದುಲ್ನೇ ಸಲ ತಟ್ಟುದ್ರೆ ತೆಗೀಬ್ಯಾಡ. ಅದು ನಾನಲ್ಲ, ನನ್ ಮೈ ತಟ್ಟದು. ಅದುಕ್ಕೆ ಬುದ್ಧಿ ಇಲ್ಲ. ಎರಡ್ನೇ ಸಲ ತಟ್ಟುದ್ರೆ ನಾನು. ಆಗ ತೆಗಿ.”

ಇದು ನಮ್ಮಿಬ್ಬರ ಕಾಯಿದೆ ಆಯಿತು. ನಾಲ್ಕು ವರ್ಷ, ಹತ್ತೋ ಹನ್ನೆರಡೋ ಸಲ, ಹಾಗೇ ನಡೆದುಕೊಂಡು ಬಂತು. ಮೊದಲ ತಟ್ಟು ಕೇಳಿದಾಗ ನಾನು ಹೊರಗಿನಿಂದ “ಹೂಂ” ಎನ್ನುತ್ತಿದ್ದೆ. ಅವಳು ಒಳಗಿನಿಂದ ನನ್ನನ್ನು ಬೈಯುತ್ತಿದ್ದಳು, ನಮ್ಮವ್ವ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುವಂಥ ಬೈಗುಳ. ಬೈಗುಳ ಕೇಳಿದರೆ ನನಗೆ ಧೈರ್ಯ. ಆಮೇಲೆ ಎರಡನೇ ತಟ್ಟು, ಬಾಗಿಲು, ಬಿಂದಿಗೆ ನೀರು ತಲೆಯ ಮೇಲೆ. ಭಾರ ಎತ್ತುವವರಲ್ಲದೆ ಬೇರೆ ಯಾರೂ ಇಂಥ ಕಾಯಿದೆ ಮಾಡಿಕೊಳ್ಳಲಾರರು. ಮೈ ಸಾಕು ಎಂದಾಗ ಅದರ ಮಾತು ಕೇಳಬಾರದು ಎನ್ನುವುದೇ ನಮಗೆ ಕಲಿಸಿದ ಮೊದಲ ಪಾಠ, ಕೊನೆಯ ಪಾಠ.

ತೊಂಬತ್ತೆಂಟರಲ್ಲಿ ತೂಕದ ವರ್ಗಗಳನ್ನೇ ಬದಲಾಯಿಸಿದರು. ಐವತ್ತನಾಲ್ಕು ಹೋಗಿ ಐವತ್ಮೂರು ಆಯಿತು. ನನಗೆ ಏನೂ ಆಗಲಿಲ್ಲ. ಭಾಗ್ಯಳಿಗೆ ಒಂದು ಕೆ.ಜಿ. ಹೋಯಿತು. ಮೇಲಿನ ವರ್ಗಕ್ಕೆ ಹೋಗು ಎಂದರು ಮೇಷ್ಟ್ರು. ಅಲ್ಲಿ ತನಗಿಂತ ಹೆಚ್ಚು ಎತ್ತುವವರು ಇಬ್ಬರಿದ್ದಾರೆ, ಇಲ್ಲಿ ಯಾರೂ ಇಲ್ಲ ಎಂದಳು. ಆಗ ನಾನೂ ಪಕ್ಕದಲ್ಲೇ ನಿಂತಿದ್ದೆ. ‘ಯಾರೂ ಇಲ್ಲ’ ಎಂದದ್ದು ನನಗೆ ಚುಚ್ಚಿತೆ? ಚುಚ್ಚಿತು ಎಂದು ಈಗ ಅನ್ನಿಸುತ್ತದೆ. ಆದರೆ ಇದು ಆಮೇಲೆ ನಡೆದದ್ದನ್ನು ತಿಳಿದ ಮೇಲಿನ ಅನ್ನಿಸಿಕೆ. ಅವತ್ತು ನಕ್ಕಿದ್ದೆನೋ ಏನೋ.

ಆ ವರ್ಷ ಏಷ್ಯಾದ ಒಂದು ಸ್ಪರ್ಧೆಗೆ ತಂಡ ಆರಿಸಲು ಬೆಂಗಳೂರಿನಲ್ಲಿ ಟ್ರಯಲ್ಸ್ ಇಟ್ಟರು. ನಮ್ಮ ವರ್ಗದಿಂದ ಒಬ್ಬಳಿಗೆ ಮಾತ್ರ ಜಾಗ. ನಾವಿಬ್ಬರೂ ಹೋಗಬೇಕು, ಸಂಜೆ ಬಸ್ಸು, ಮರುದಿನ ಬೆಳಿಗ್ಗೆ ತೂಕ. ಅವತ್ತು ಬೆಳಿಗ್ಗೆ ಗೋಡೌನಿನ ಯಂತ್ರದಲ್ಲಿ ಭಾಗ್ಯ ಐವತ್ತನಾಲ್ಕು ಕಾಲು. ಮೂರು ದಿನದಿಂದ ಊಟವಿಲ್ಲ, ಹಿಂದಿನ ದಿನದಿಂದ ನೀರಿಲ್ಲ. ಉಗುಳೂ ಬರುತ್ತಿರಲಿಲ್ಲ. ಮಧ್ಯಾಹ್ನ ಇಬ್ಬರೂ ಹಾರನಹಳ್ಳಿಯ ಬಸ್ಸು ಹಿಡಿದು ಹೊಲಕ್ಕೆ ಹೋದೆವು.

ಭಾಗ್ಯಳ ಅವ್ವ, ನಾನು ದೊಡ್ಡವ್ವ ಎನ್ನುತ್ತಿದ್ದೆ, ಹುಲ್ಲು ಕೊಯ್ಯಲು ಹೊರಟಿದ್ದರು. “ಹೊಟ್ಟೆಗೇನಾರ ಹಾಕ್ಕಳವ್ವ, ಮಕ ನೋಡು ಬೂದ್ಗುಂಬ್ಳಕಾಯಂಗೆ ಆಗದೆ” ಎಂದರು. “ನಾಳೆ ಎತ್ತಿ ಬಂದು ಒಂದ್ ಪಾತ್ರೆ ತಿಂತೀನಿ ಬುಡವ್ವ” ಎಂದಳು ಭಾಗ್ಯ. ದೊಡ್ಡವ್ವ ಹೋದರು. ನಾನು ಒಲೆಗೆ ಎರಡು ಕೊರಡು ಇಟ್ಟೆ. ಭಾಗ್ಯ ಪ್ಲಾಸ್ಟಿಕ್ ತೊಟ್ಟುಕೊಂಡು, “ಇನ್ನೊಂದು ಇಡಮ್ಮಿ” ಎಂದಳು. ಇನ್ನೊಂದು ಇಟ್ಟೆ.

“ಕಾಯಿದೆ ಗೊತ್ತಲ್ಲ?”

“ಗೊತ್ತು, ಓಗು.”

“ಇವತ್ತು ಎರಡ್ನೇ ಸಲ ತಟ್ಟುದ್ರೂ ಒಸಿ ಯೋಚ್ನೆ ಮಾಡಿ ತೆಗಿ” ಎಂದಳು. ನಕ್ಕಳು.

ಇದನ್ನು ಅವಳು ಅವತ್ತು ಅಂದಳೋ, ಅದರ ಹಿಂದಿನ ಸಲ ಅಂದಿದ್ದಳೋ. ಎಷ್ಟೋ ವರ್ಷ ಇದು ಅವತ್ತಿನದೇ ಎಂದು ನಂಬಿದ್ದೆ. ನಂಬುವುದರಲ್ಲಿ ನನಗೆ ಲಾಭವಿತ್ತು ಎಂದು ಗೊತ್ತಾದ ಮೇಲೆ ನಂಬಿಕೆ ಸಡಿಲವಾಯಿತು.

ನನ್ನ ನೆನಪಿನಲ್ಲಿ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೇನೆ. ಒಳಗೆ ಟಕ್ ಎಂದು ಒಂದು ಸದ್ದು. “ಹೂಂ” ಎಂದೆ. ಬೈಗುಳ ಬರಲಿಲ್ಲ. ಉರಿ ತಗ್ಗುವಾಗ ತಗಡಿನ ಕೊಳವೆಗಳು ಕುಗ್ಗಿ ಹಾಗೇ ಟಕ್ ಟಕ್ ಎನ್ನುತ್ತವೆ. ಕೊಳವೆಯೇ ಇರಬೇಕು ಅಂದುಕೊಂಡೆ. ಅಂದರೆ ಇನ್ನೂ ಮೊದಲ ತಟ್ಟೇ ಬಂದಿಲ್ಲ. ಕಾದೆ. ಎಷ್ಟು ಹೊತ್ತು ಎಂದು ಕೇಳಿದವರಿಗೆಲ್ಲ ಹತ್ತು ನಿಮಿಷ ಎಂದೆ. ನನ್ನ ಕೈಯಲ್ಲಿ ಗಡಿಯಾರ ಇರಲಿಲ್ಲ. ಬ್ಯಾರನ್ನಿನ ಗೋಡೆಯಲ್ಲಿ ಒಳಗಿನ ಶಾಖ ನೋಡಲು ಅಂಗೈಯಗಲದ ಗಾಜು ಇರುತ್ತದೆ. ಅದರಲ್ಲಿ ಇಣುಕಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದೆನಂತೆ. ನನಗೆ ಇಣುಕಿದ ನೆನಪಿಲ್ಲ. ಇಣುಕಿದ್ದರೂ ಆವಿ ಕಟ್ಟಿದ ಗಾಜಿನಲ್ಲಿ ಏನು ಕಾಣುತ್ತದೆ.

ಬಾಗಿಲು ತೆಗೆದಾಗ ಅವಳು ಹೊಸ್ತಿಲ ಹತ್ತಿರವೇ ಬಿದ್ದಿದ್ದಳು. ಒಂದು ಕೈ ಬಾಗಿಲ ಕೆಳಗಿನ ಸಂದಿಯಲ್ಲಿತ್ತು. ಮೈಯಲ್ಲಿ ಬೆವರೇ ಇರಲಿಲ್ಲ. ಒಣಗಿದ ಸೊಪ್ಪಿನ ಹಾಗೆ ಚರ್ಮ ಗರಿಗರಿ ಅನ್ನುತ್ತಿತ್ತು. ಹುಲ್ಲಿನ ಹೊರೆ ಹೊತ್ತು ಬಂದ ದೊಡ್ಡವ್ವ ಹೊರೆಯನ್ನು ನೆಲಕ್ಕೆ ಹಾಕಿದ ಸದ್ದು ನೆನಪಿದೆ. ಪಕ್ಕದ ಹೊಲದವರ ಟ್ರ್ಯಾಕ್ಟರಿನಲ್ಲಿ ಪಿರಿಯಾಪಟ್ಟಣಕ್ಕೆ ತಂದೆವು. ಬದುಕಿಕೊಂಡಳು. ಎರಡೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಇನ್ನು ಭಾರ ಎತ್ತುವ ಮಾತು ಬೇಡ ಎಂದರು ಡಾಕ್ಟರು. ಶಾಖಕ್ಕೋ, ಮೂರು ದಿನದ ಉಪವಾಸಕ್ಕೋ, ಒಳಗೆ ಉಳಿದ ಸೊಪ್ಪಿನ ಅಮಲಿಗೋ ಹೇಳಲಾಗದು ಎಂದರು.

ಮೇಷ್ಟ್ರು ಆಸ್ಪತ್ರೆಗೆ ಓಡಿಬಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಹೊರಗೆ ಕರೆದು ನನ್ನ ಚೀಲವನ್ನು ಕೈಗೆ ಕೊಟ್ಟರು.

“ನೀ ಬಸ್ ಹತ್ತವ್ವ.”

“ಅವ್ಳು ಹಿಂಗ್ ಮಲ್ಗಿರುವಾಗ ಎಂಗ್ ಓಗ್ಲಿ ಸಾ?”

“ನೀ ಇಲ್ಲಿ ನಿಂತ್ರೆ ಅವ್ಳು ಎದ್ದು ಕೂರ್ತಾಳಾ? ಇಬ್ರೂನೂ ಕಳ್ಕೊಳಕ್ಕಾಗಲ್ಲ ನಂಗೆ. ಹತ್ತು.”

ಹತ್ತಿದೆ. ಇನ್ನೂ ಎರಡು ಮಾತು ಅವರ ಜೊತೆ ಜಗಳವಾಡಿದೆ ಎಂದು ಬರೆಯಬೇಕೆನ್ನಿಸುತ್ತದೆ, ಆದರೆ ಆಡಿದ ನೆನಪಿಲ್ಲ. ಮರುದಿನ ಬೆಂಗಳೂರಿನಲ್ಲಿ ನನ್ನ ತೂಕ ಐವತ್ತೊಂದು ಚಿಲ್ಲರೆ. ಆರಕ್ಕೆ ಐದು ಎತ್ತು ಸರಿಯಾದವು. ಅದುವರೆಗೆ ಒಂದು ದಿನದಲ್ಲಿ ಅಷ್ಟು ನಾನು ಎತ್ತಿರಲಿಲ್ಲ. ಜಾಗ ನನ್ನದಾಯಿತು.

ಹೊರದೇಶಕ್ಕೆ ಹೋಗುವಾಗ ಚೀಲದಲ್ಲಿ ಮೇಷ್ಟ್ರು ಕೊಟ್ಟ ವಿಭೂತಿ ಗಟ್ಟಿ ಇತ್ತು. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದು, ಮೂಸಿ, ಚೂರು ಮುರಿದು ನೋಡಿದರು. ನಮ್ಮ ತಂಡದ ಮ್ಯಾನೇಜರು ಸಿಡುಕಿನ ಮನುಷ್ಯ, ಏನದು ಎಂದು ಗದರಿದರು. ನಾನು ಗಾಬರಿಯಲ್ಲಿ ಒಂದು ಚೂರು ತೆಗೆದು ಹಣೆಗೆ ಮೂರು ಬೆರಳು ಎಳೆದು ತೋರಿಸಿದೆ. ಅಲ್ಲಿದ್ದ ಅಧಿಕಾರಿ ನಗಲಿಲ್ಲ, ಬಿಟ್ಟುಬಿಟ್ಟ. ಆ ದೇಶದ ಸಭಾಂಗಣದಲ್ಲಿ ಮೊದಲ ಸಲ ಬೋಗುಣಿಯ ತುಂಬ ನಿಜವಾದ ಪುಡಿ ಕಂಡೆ. ಅದನ್ನು ಹಚ್ಚಿಕೊಂಡಾಗ ಕೈ ನನ್ನದಲ್ಲ ಎನ್ನುವ ಹಾಗಿತ್ತು. ಈ ಕತೆ ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ಇದನ್ನು ಬಹಳ ಸಲ ಹೇಳಿದ್ದೇನೆ, ಇದರ ಆಸರೆಯಲ್ಲಿ ಇನ್ನೊಂದನ್ನು ದಾಟಿಹೋಗಬಹುದು ಎಂದು.

ಇನ್ನೊಂದು ಇದು. ಭಾರವನ್ನು ತಲೆಯ ಮೇಲೆ ಎತ್ತಿ ಅಲುಗದೆ ನಿಂತ ಮೇಲೆ ಇಳಿಸಬಹುದು ಎಂದು ಯಂತ್ರ ಒಂದು ಸದ್ದು ಮಾಡುತ್ತದೆ. ಅದಕ್ಕಿಂತ ಮುಂಚೆ ಇಳಿಸಿದರೆ ಎತ್ತು ವ್ಯರ್ಥ. ಹೊಸಬರು ಮಾಡುವ ತಪ್ಪು ಅದು. ನಾನು ಮಾಡಿದ್ದು ತಿರುಗಾಮುರುಗ. ಸದ್ದು ಬಂತು. ನಾನು ಇಳಿಸಲಿಲ್ಲ. ಮ್ಯಾನೇಜರು ಪಕ್ಕದಿಂದ ಕೂಗುತ್ತಿದ್ದರು, ಜನ ನಗಲು ಶುರುಮಾಡಿದರು. ನಾನು ಇನ್ನೊಂದು ಸದ್ದಿಗೆ ಕಾಯುತ್ತ ನಿಂತಿದ್ದೆ. ಕೊನೆಗೆ ಕಂಬಿ ತಾನೇ ಹಿಂದಕ್ಕೆ ಜಾರಿ ಬಿತ್ತು. ಮುಂದಿನ ಎತ್ತಿಗೆ ತೋಳಿನಲ್ಲಿ ಬಲ ಉಳಿದಿರಲಿಲ್ಲ.

ಹೀಗೆ ಬರೆದಾಗ ಎಷ್ಟು ಚೆನ್ನಾಗಿ ಕೂಡಿಬರುತ್ತದೆ. ಅದಕ್ಕೇ ನನಗೆ ಇದರ ಮೇಲೆ ಭರವಸೆ ಕಡಿಮೆ. ಆ ಗದ್ದಲದಲ್ಲಿ ಸದ್ದು ನಿಜಕ್ಕೂ ಕೇಳಿಸಿರಲಿಲ್ಲವೇನೋ. ಎರಡನೇ ಸದ್ದಿಗೆ ಕಾಯುತ್ತಿದ್ದೆ ಎನ್ನುವುದನ್ನು ಊರಿಗೆ ಬಂದ ಮೇಲೆ ನಾನೇ ಜೋಡಿಸಿಕೊಂಡೆನೇನೋ.

ಮುಂದೆ ಎಲ್ಲ ಬದಲಾಯಿತು. ಎರಡು ಸಾವಿರದ ಇಸವಿ ಕಳೆದ ಮೇಲೆ ಮುಳ್ಳಿನ ಯಂತ್ರ ಹೋಗಿ ಅಂಕೆ ಬೆಳಗುವ ತೂಕದ ಯಂತ್ರ ಬಂತು. ಹುಡುಗಿಯರ ಜೊತೆ ಫಿಸಿಯೊ ಬಂದರು. ನಾನು ಎತ್ತುವುದನ್ನು ಬಿಟ್ಟು ಕಲಿಸಲು ನಿಂತೆ. ನನ್ನದು ಒಂದೇ ಹಟ: ನನ್ನ ಕೈಕೆಳಗಿನ ಯಾರೂ ತೂಕ ಇಳಿಸಿಕೊಂಡು ಎತ್ತಕೂಡದು, ಮೈ ಎಷ್ಟಿದೆಯೋ ಅಷ್ಟರ ವರ್ಗದಲ್ಲೇ ಎತ್ತಬೇಕು. ಕೆ.ಆರ್. ನಗರದ ಒಬ್ಬ ಹುಡುಗಿ ಮುನ್ನೂರು ಗ್ರಾಂ ಹೆಚ್ಚಿದ್ದಳು. ಎರಡು ಸುತ್ತು ಓಡಿದ್ದರೆ, ಒಂದು ಹೊತ್ತು ಊಟ ಬಿಟ್ಟಿದ್ದರೆ ಹೋಗುವಂಥದ್ದು. ಬಿಡಲಿಲ್ಲ. ಮೇಲಿನ ವರ್ಗದಲ್ಲಿ ಎತ್ತಿ ಏಳನೆಯವಳಾಗಿ ಬಂದಳು. ಅವರಪ್ಪ ಬಂದು ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದರು:

“ನೀವು ದೇಶ ಸುತ್ಕಂಡ್ ಬಂದ್ರಿ ಕಣ್ರೀ. ನಮ್ ಮಗ್ಳು ಓಗೋ ಬಾಗ್ಲಿಗೆ ಮಾತ್ರ ಅಡ್ಡ ನಿಂತ್ಕಂಡ್ರಿ.”

ಅವರಿಗೆ ಬ್ಯಾರನ್ನಿನ ವಿಷಯ ಏನೂ ಗೊತ್ತಿರಲಿಲ್ಲ. ಆ ಹುಡುಗಿ ಮತ್ತೆ ಬರಲಿಲ್ಲ. ಮುನ್ನೂರು ಗ್ರಾಂ ಎಂದರೆ ನೀರು ಅಷ್ಟೇ ಎಂದು ನನಗೂ ಗೊತ್ತಿತ್ತು. ಅವಳನ್ನು ಉಳಿಸಿದೆನೋ, ನನ್ನ ಸಮಾಧಾನಕ್ಕೆ ಅವಳನ್ನು ಬಳಸಿಕೊಂಡೆನೋ.

ಭಾಗ್ಯಳಿಗೆ ತಡವಾಗಿ ಮದುವೆಯಾಯಿತು. ಗಂಡ ಎಚ್.ಡಿ. ಕೋಟೆಯ ಕಡೆಯವರು, ಬೀಚನಹಳ್ಳಿಯಲ್ಲಿ ನೀರಾವರಿ ಇಲಾಖೆಯ ಕೆಲಸ. ಡ್ಯಾಮಿನ ಹತ್ತಿರದ ಕ್ವಾರ್ಟರ್ಸಿನಲ್ಲಿ ಮನೆ. ಎಲ್ಲ ತಿಳಿದೇ ಮಾಡಿಕೊಂಡ ಒಳ್ಳೆಯ ಮನುಷ್ಯ. ನಾನು ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಭಾಗ್ಯ ಸೊಂಟಕ್ಕೆ ಕಟ್ಟುತ್ತಿದ್ದ ಅಗಲದ ಚರ್ಮದ ಪಟ್ಟಿಯಲ್ಲಿ ಆತ ಗ್ಯಾಸ್ ಸಿಲಿಂಡರನ್ನು ಸ್ಕೂಟರಿಗೆ ಬಿಗಿದುಕೊಂಡು ಬರುತ್ತಿದ್ದರು. “ನೋಡಮ್ಮಿ, ಈಗ್ಲೂ ಭಾರ ಎತ್ತದು ಬುಟ್ಟಿಲ್ಲ ಅದು” ಎನ್ನುತ್ತಿದ್ದಳು ಭಾಗ್ಯ. ಆ ಹೊತ್ತಿಗೆ ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದಳು. ದಿನಕ್ಕೆ ಇಷ್ಟೇ ನೀರು ಕುಡಿಯಬೇಕು ಎಂದು ಡಾಕ್ಟರು ಅಳತೆ ಹಾಕಿದ್ದರು. ಅಳೆದ ಲೋಟವನ್ನು ಕಿಟಕಿಯಲ್ಲಿಟ್ಟು, ಆಚೆ ಕಬಿನಿಯ ನೀರನ್ನು ತೋರಿಸಿ, “ಎದ್ರುಗೆ ಇಷ್ಟೈತೆ, ನಂಗೆ ಇಷ್ಟೇ” ಎಂದಳು. ಅವಳ ಕೈ ಈಗ ನನ್ನ ಕೈಗಿಂತ ಸಣ್ಣದಾಗಿತ್ತು. “ಈಗ ನಾನೂ ಕಡ್ಡಿ. ಐವತ್ಮೂರುಕ್ಕೆ ಒಂದ್ ಬೆವ್ರಿಲ್ದೆ ಬತ್ತೀನಿ” ಎಂದಳು.

ಅವತ್ತು ಕೇಳಿಯೇಬಿಟ್ಟೆ. ಅಷ್ಟು ವರ್ಷ ಕೇಳಿರಲಿಲ್ಲ.

“ಅವತ್ತು ಎಷ್ಟು ಸಲ ತಟ್ಟುದೆ ಭಾಗ್ಯ?”

ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

“ನಿಂಗೆ ಎಷ್ಟು ಸಲ ಕೇಳುಸ್ತು?”

“ಒಂದು. ಅದೂ ನೀನೋ ಕೊಳವೆಯೋ ಗೊತ್ತಾಗ್ಲಿಲ್ಲ.”

“ಅಂಗಾರೆ ಒಂದೇ ಬುಡು.”

“ನೆನಪಿದ್ದು ಹೇಳ್ತಿದ್ದೀಯೋ, ನನ್ನ ಸಮಾಧಾನಕ್ಕೋ?”

“ಕಡ್ಡಿ, ಕಾಪಿ ಆರ್ತಾ ಅದೆ. ಕುಡಿ.”

ಅದಾದ ಮೇಲೆ ಅವಳು ಒಂದು ವರ್ಷವೂ ಇರಲಿಲ್ಲ. ಹನ್ನೊಂದನೆಯ ದಿನದ ತಿಥಿಗೆ ಹೋದಾಗ ದೊಡ್ಡವ್ವ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಬೇರೆ ಏನೋ ಹೇಳುತ್ತ ಹೇಳುತ್ತ, “ನಾ ಹುಲ್ ಹೊತ್ಕಂಡ್ ಬಂದಾಗ ನೀನು ಆ ಮರುದ್ ಕೆಳ್ಗೆ ಕಡ್ಡಿ ಎಣುಸ್ಕಂಡ್ ಕೂತಿದ್ದೆ ಕಣವ್ವ. ನಂಗೆ ಈಗ್ಲೂ ಕಣ್ಗೆ ಕಟ್ದಂಗದೆ. ಪಾಪ, ಕೂತು ಕೂತು ಬೇಜಾರಾಗಿತ್ತೇನೋ ಕೂಸಿಗೆ ಅಂದ್ಕಂಡೆ” ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ನಾನು ಬಾಗಿಲಲ್ಲೇ ಇದ್ದೆ ದೊಡ್ಡವ್ವ ಎಂದು ಹೇಳಲು ಬಾಯಿ ತೆರೆದೆ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಬಾಗಿಲು ತೆಗೆಯುವ ಮೊದಲೇ ಅವರು ನನ್ನನ್ನು ಕಂಡಿದ್ದರೋ? ಅಥವಾ ಬೇರೆ ಯಾವುದೋ ದಿನದ ನೋಟವನ್ನು ಅವತ್ತಿಗೆ ಅಂಟಿಸಿಕೊಂಡಿದ್ದಾರೆಯೆ? ನಾನು ಆ ಹೊಲದಲ್ಲಿ ಮರದ ಕೆಳಗೆ ಕೂತು ಕಡ್ಡಿ ಎಣಿಸಿದ ದಿನಗಳು ಎಷ್ಟೋ ಇವೆ. ಅವರದು ಸುಳ್ಳು ಹೇಳುವ ಜೀವವಲ್ಲ. ನನ್ನದು ಹೌದೋ ಅಲ್ಲವೋ ನಾನೇ ಹೇಳುವಂತಿಲ್ಲ.

ಹೋದ ವರ್ಷ ಆ ಹೊಲಕ್ಕೆ ಹೋದದ್ದು ಇದಕ್ಕಾಗಿಯೇ. ಭಾಗ್ಯಳ ತಮ್ಮ ಈಗ ಸೊಪ್ಪು ಬೆಳೆಯುವುದು ಕಡಿಮೆ ಮಾಡಿದ್ದಾನೆ. ಬ್ಯಾರನ್ ತುಂಬ ಜೋಳದ ತೆನೆ. ಅವನನ್ನು ಒಳಗೆ ಕಳಿಸಿ, ಬಾಗಿಲು ಹಾಕಿ, ತಟ್ಟು ಎಂದೆ. “ಯಾಕಕ್ಕ?” ಎಂದ. “ಸುಮ್ನೆ ತಟ್ಟಪ್ಪ” ಎಂದೆ. ಬಾಗಿಲಲ್ಲಿ ನಿಂತರೆ ಚೆನ್ನಾಗಿ ಕೇಳಿಸಿತು. ಮರ ಇದ್ದದ್ದು ಎಲ್ಲಿ ಎಂದು ಹುಡುಕಿದೆ. ಮರವನ್ನು ಕಡಿದು ಎಷ್ಟೋ ವರ್ಷವಾಗಿದೆ, ಬೊಡ್ಡೆಯೂ ಇಲ್ಲ. ಇಲ್ಲಿ ಇರಬೇಕು ಎಂದು ಒಂದು ಕಡೆ ನಿಂತು ಕಿವಿಗೊಟ್ಟೆ. ಸಣ್ಣಗೆ ಕೇಳಿಸಿತು. ಇನ್ನೂ ಹತ್ತು ಹೆಜ್ಜೆ ಆಚೆ ಹೋಗಿ ನಿಂತೆ. ಅಲ್ಲಿ ಏನೂ ಕೇಳಿಸಲಿಲ್ಲ. ಅಷ್ಟರಲ್ಲಿ ಅವನು ತಟ್ಟುವುದನ್ನು ನಿಲ್ಲಿಸಿದ್ದನೋ ಏನೋ. “ಎಷ್ಟು ಸಲ ತಟ್ಟಿದೆ?” ಎಂದು ಕೇಳಿದೆ. “ಎಣುಸ್ಲಿಲ್ಲ ಕಣಕ್ಕ” ಎಂದ.

ಅವಳ ಜಾಗ ನನಗೆ ಬೇಕಿತ್ತೆ ಎಂದು ಯಾರಾದರೂ ಕೇಳಿದರೆ, ಬೇಕಿತ್ತು. ಎರಡನೆಯವಳಿಗೆ ಮೊದಲನೆಯವಳ ಜಾಗ ದಿನಾ ಬೇಕಿರುತ್ತದೆ. ಒಟ್ಟಿಗೆ ಉಂಡು, ಅವಳ ತಲೆಯ ಮೇಲೆ ನೀರು ಸುರಿದು, ಅವಳು ಗೆದ್ದಾಗ ಕುಣಿದು, ಎಲ್ಲದರ ನಡುವೆಯೂ ಬೇಕಿರುತ್ತದೆ. ಆ ಮಧ್ಯಾಹ್ನ ಬೇರೆ ದಿನಗಳಿಗಿಂತ ಹೆಚ್ಚು ಬೇಕಿತ್ತೆ ಎನ್ನುವುದು ನನಗೆ ಗೊತ್ತಿಲ್ಲ. ನಾನು ಬಾಗಿಲಲ್ಲಿದ್ದೆನೋ ಮರದ ಕೆಳಗಿದ್ದೆನೋ ಗೊತ್ತಿಲ್ಲ. ಅವಳು ಎಷ್ಟು ಸಲ ತಟ್ಟಿದಳೋ ಗೊತ್ತಿಲ್ಲ.